ಮೇಷ್ಟ್ರಿಗೂ ಪಾಠ ಹೇಳಿದ ಹಾಡುಗಾರ

ಒಂದು ಹಾಡು ಹೊರಬಂತು ಎಂಬ ಕಾರಣಕ್ಕೆ ಒಂದು ದೇಶದ ಉಪಾಧ್ಯಾಯರ ಸಂಘ ಮುಷ್ಕರ ಹೂಡುವುದಾಗಿ ಬೆದರಿಸಿದ್ದನ್ನು ಎಲ್ಲಾದರೂ ಕೇಳಿದ್ದೀರಾ? ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ಅದು ನಡೆದಿದೆ. ಆ ಹಾಡು ಕಟ್ಟಿದವರು ಜೋಸೆಫ್ ಕಮಾರು. ಕಿಕುಯು ಭಾಷೆಯ ಜನಪ್ರಿಯ ಸಂಗೀತಕ್ಕೆ ತಳಪಾಯ ಹಾಕಿದ ಮೊದಲ ಸಾಲಿನವರಲ್ಲಿ ಅವರೊಬ್ಬರು. ಸುಮಾರು 2000 ಹಾಡು ಕಟ್ಟಿದರೆಂದೂ ಅವರ ಧ್ವನಿಮುದ್ರಿಕೆಗಳು 5 ಲಕ್ಷದಷ್ಟು ಮಾರಾಟವಾದವೆಂದೂ ಲೆಕ್ಕ ಹೇಳುತ್ತಾರೆ. ಆದರೆ ಸಂಖ್ಯೆಗಿಂತ ಮುಖ್ಯವಾದದ್ದು ಬೇರೆ ಇದೆ. ಕಮಾರು ತಮ್ಮನ್ನು ಬರೀ ಮನರಂಜನೆ ಕೊಡುವವನೆಂದು ತಿಳಿದವರಲ್ಲ, ತಾನೊಬ್ಬ ಶಿಕ್ಷಕ ಎಂದೇ ಭಾವಿಸಿದ್ದವರು. ಅವರ ಪಾಠಶಾಲೆಗೆ ಗೋಡೆ ಇರಲಿಲ್ಲ, ಹಾಜರಿ ಪುಸ್ತಕವೂ ಇರಲಿಲ್ಲ. ಗಿಟಾರೇ ಅವರ ಕರಿಹಲಗೆ.

ಶಿಕ್ಷಕ ಅನ್ನಿಸಿಕೊಂಡವನಿಗೆ ಎದುರಾಗುವ ಅತಿ ಕಷ್ಟದ ಪರೀಕ್ಷೆ ಯಾವುದು? ಗೊತ್ತಿಲ್ಲದವರಿಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವುದು ಅಷ್ಟೇನೂ ಕಷ್ಟವಲ್ಲ. ತನಗೆ ಬೇಕಾದವರಿಗೆ, ತನ್ನವರೇ ಆದವರಿಗೆ, ಅವರು ಕೇಳಲು ಇಷ್ಟಪಡದ ಮಾತನ್ನು ಹೇಳುವುದೇ ಕಷ್ಟ. ಕಮಾರು ಅವರ ಬದುಕಿನಲ್ಲಿ ಈ ಪರೀಕ್ಷೆ ಮತ್ತೆ ಮತ್ತೆ ಬಂತು. ಕೆಲವು ಸಲ ತೇರ್ಗಡೆಯಾದರು. ಪ್ರತಿ ಸಲವೂ ಆದರೆಂದು ಹೇಳುವ ಹಾಗಿಲ್ಲ. ಅದಕ್ಕೇ ಅವರ ಕಥೆ ವಿದ್ಯಾರ್ಥಿಗಳೂ ತಂದೆತಾಯಿಯರೂ ತಿಳಿಯಬೇಕಾದ ಕಥೆ.

ಮುರಾಂಗಾದಿಂದ ನೈರೋಬಿಗೆ

ಭೂಪಟದಲ್ಲಿ ಆಫ್ರಿಕಾ ಖಂಡದ ಪೂರ್ವದಂಚಿಗೆ, ಸಮಭಾಜಕ ವೃತ್ತ ಹಾದುಹೋಗುವ ಕಡೆ ಬೆರಳಿಟ್ಟರೆ ಕೀನ್ಯಾ ಸಿಗುತ್ತದೆ. ದೇಶದ ನಡುಮಧ್ಯೆ 5199 ಮೀಟರ್ ಎತ್ತರದ ಕೀನ್ಯಾ ಪರ್ವತವಿದೆ. ಅದರ ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿದ ಫಲವತ್ತಾದ ದಿಬ್ಬಗಳೇ ಕಿಕುಯು ಜನರ ನೆಲ. 2019ರ ಜನಗಣತಿಯ ಪ್ರಕಾರ ದೇಶದ 4 ಕೋಟಿ 76 ಲಕ್ಷ ಜನರಲ್ಲಿ ಕಿಕುಯು ಜನ ಸುಮಾರು 81 ಲಕ್ಷ. ಅಲ್ಲಿನ ಸಮುದಾಯಗಳಲ್ಲೆಲ್ಲ ಅವರದೇ ದೊಡ್ಡ ಸಂಖ್ಯೆ.

ಈ ಸೀಮೆಯ ಮುರಾಂಗಾ ಪ್ರಾಂತದ ಕಂಗೇಮಾದಲ್ಲಿ 1939ರಲ್ಲಿ ಕಮಾರು ಹುಟ್ಟಿದರು. ಅವರ ಬಾಲ್ಯ ನೆಮ್ಮದಿಯ ಕಾಲವಲ್ಲ. ಒಳ್ಳೆಯ ಹೊಲಗಳು ಬಿಳಿಯ ವಸಾಹತುಗಾರರ ಕೈ ಸೇರಿದ್ದವು. ಅದರ ವಿರುದ್ಧ ಎದ್ದ ಮಾವ್ ಮಾವ್ ದಂಗೆಯನ್ನು ಅಡಗಿಸಲು ಬ್ರಿಟಿಷ್ ಸರ್ಕಾರ 1952ರ ಅಕ್ಟೋಬರಿನಲ್ಲಿ ತುರ್ತುಪರಿಸ್ಥಿತಿ ಘೋಷಿಸಿತು. 1960ರ ಜನವರಿಯವರೆಗೂ ಅದು ಜಾರಿಯಲ್ಲಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಕಿಕುಯು ಜನರನ್ನು ಅವರ ಚದುರಿದ ಮನೆಗಳಿಂದ ಎಬ್ಬಿಸಿ ಕಾವಲಿನ ಹಳ್ಳಿಗಳಿಗೆ ದೂಡಲಾಯಿತು. ಕಮಾರು ಅವರ ಹದಿಹರೆಯ ಪೂರ್ತಿ ಕಳೆದದ್ದು ಈ ಭಯದ ವರ್ಷಗಳಲ್ಲಿ.

1957ರಲ್ಲಿ, 18ರ ಆಸುಪಾಸಿನ ಹುಡುಗ ಕೆಲಸ ಹುಡುಕಿಕೊಂಡು ರಾಜಧಾನಿ ನೈರೋಬಿಗೆ ಬಂದ. ಕೀನ್ಯಾ 1963ರ ಡಿಸೆಂಬರ್ 12ರಂದು ಸ್ವತಂತ್ರವಾಯಿತು. ಅದಾಗಿ ಎರಡು ವರ್ಷಕ್ಕೆ, 1965ರಲ್ಲಿ, ಕಮಾರು ಸಂಗೀತವನ್ನೇ ಕಸುಬು ಮಾಡಿಕೊಳ್ಳಲು ಹೊರಟರು. ಹೊಸ ದೇಶ, ಹೊಸ ನಗರ, ಹೊಸ ಹಾಡುಗಾರ. ಮೂವರೂ ಒಟ್ಟಿಗೇ ಬೆಳೆಯತೊಡಗಿದರು ಎನ್ನಬಹುದು.

ಮೊದಲ ಹಾಡುಗಳಲ್ಲಿ ಅವರಿಗೆ ಜೊತೆಗೂಡಿದವರು ಸ್ವಂತ ತಂಗಿ ಕ್ಯಾಥರೀನ್ ಮುಥೋನಿ. 1967ರಲ್ಲಿ ಅಣ್ಣ ತಂಗಿ ಸೇರಿ ಹಾಡಿದ ‘ಸೆಲಿನಾ’ ಜನರ ಬಾಯಲ್ಲಿ ನಿಂತಿತು. ‘ನ್ಜುಂಗ್ವಾ ಸ್ಟಾರ್ಸ್’ ಎಂಬ ಅವರ ಮೊದಲ ತಂಡದ ನಂತರ ಬಂದ ಇನ್ನೊಂದು ತಂಡಕ್ಕೆ ಆ ಹಾಡಿನ ಹೆಸರೇ ಅಂಟಿತು: ‘ಕಮಾರು ಸೆಲಿನಾ ಬ್ಯಾಂಡ್’. ಮುಂದೆ ‘ಕಮಾರು ಸೂಪರ್ ಸ್ಟಾರ್ಸ್’ ಹುಟ್ಟಿತು. 1975ರಿಂದ 1985ರ ತನಕದ ಹತ್ತು ವರ್ಷ ಅವರ ಕೀರ್ತಿಯ ನಡುಹಗಲು.

ಮುರಾಂಗಾದ ಮಣ್ಣಿಗೆ ಹಾಡುಗಾರರ ಬರವಿರಲಿಲ್ಲ. ‘ಡಿ.ಕೆ.’ ಎಂದೇ ಹೆಸರಾದ ಡೇನಿಯಲ್ ಕಮಾವು ಕೂಡ ಆ ಕಡೆಯವರೇ. 1967ರಲ್ಲಿ ಅವರ ಮೊದಲ ಮುದ್ರಿಕೆಗಳು ಬಂದಾಗ ಅವರಿನ್ನೂ ಶಾಲೆಯಲ್ಲಿ ಓದುತ್ತಿದ್ದರು.

ತಂತಿ, ಪೀಪಿ, ಕಬ್ಬಿಣದ ಬಳೆ

ವಿಜ್ಞಾನದ ಮೇಷ್ಟ್ರಾದವನಿಗೆ ಇಲ್ಲಿ ಸ್ವಲ್ಪ ನಿಲ್ಲಬೇಕು ಎನ್ನಿಸುತ್ತದೆ. ಕಮಾರು ಗಿಟಾರ್, ಅಕಾರ್ಡಿಯನ್, ಕೀಬೋರ್ಡ್ ನುಡಿಸಬಲ್ಲವರಾಗಿದ್ದರು. ಇವುಗಳ ಜೊತೆಗೆ ‘ಕರಿಂಗಾರಿಂಗಾ’ ಎಂಬ ಕಿಕುಯು ತಾಳವಾದ್ಯವನ್ನೂ ಬಲ್ಲರು. ಕಬ್ಬಿಣದ ಒಂದು ಬಳೆ, ಅದನ್ನು ಬಡಿಯಲು ಇನ್ನೊಂದು ಕಬ್ಬಿಣದ ತುಂಡು, ವಾದ್ಯವೆಂದರೆ ಅಷ್ಟೇ. ಅದರ ಚೂಪಾದ ದನಿ ಎಷ್ಟು ಗದ್ದಲವಿದ್ದರೂ ಕುಣಿಯುವವನ ಕಿವಿಗೆ ಮುಟ್ಟುತ್ತದೆ.

ಅಕಾರ್ಡಿಯನ್ ಎಂದರೆ ಮಡಿಚುವ ತಿದಿಯನ್ನು ಎರಡು ಕೈಯಲ್ಲಿ ಎಳೆದು ಒತ್ತಿ ನುಡಿಸುವ ಯುರೋಪಿನ ವಾದ್ಯ. ನಮ್ಮ ಹಾರ್ಮೋನಿಯಂ ಅದರ ಹತ್ತಿರದ ಬಂಧು. ಎರಡರಲ್ಲೂ ಗಾಳಿ ತೆಳುವಾದ ಲೋಹದ ನಾಲಗೆಗಳನ್ನು ಕಂಪಿಸುವಂತೆ ಮಾಡುತ್ತದೆ. ಉದ್ದ ನಾಲಗೆಗೆ ತಗ್ಗು ಸ್ವರ, ಗಿಡ್ಡ ನಾಲಗೆಗೆ ಏರು ಸ್ವರ. ಮೊದಲ ಮಹಾಯುದ್ಧದ ನಂತರದ ದಶಕಗಳಲ್ಲಿ ಕಿಕುಯು ಯುವಕರು ಈ ಪರದೇಶದ ವಾದ್ಯವನ್ನು ತಮ್ಮ ಕಬ್ಬಿಣದ ಬಳೆಗೆ ಜೋಡಿಸಿ ‘ಮ್ವೊಂಬೊಕೊ’ ಎಂಬ ಕುಣಿತ ಕಟ್ಟಿಕೊಂಡಿದ್ದರು. ಹೊರಗಿನಿಂದ ಬಂದದ್ದನ್ನು ಬೇಡವೆನ್ನದೆ, ಅದಕ್ಕೆ ಮರುಳೂ ಆಗದೆ, ತಮ್ಮದಾಗಿಸಿಕೊಳ್ಳುವ ಈ ಜಾಣ್ಮೆ ಕಮಾರು ಅವರಿಗೆ ಹಿರಿಯರಿಂದ ಬಂದ ಆಸ್ತಿ.

ಗಿಟಾರಿನ ವಿಷಯದಲ್ಲಿ ಅವರಿಗೆ ನೆರವಾದದ್ದು ನೆರೆಯವರ ಸಂಗೀತ. ಕೀನ್ಯಾದ ಪಶ್ಚಿಮಕ್ಕೆ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವ ಲುವೋ ಜನರಲ್ಲಿ ‘ನ್ಯಾತಿತಿ’ ಎಂಬ ಎಂಟು ತಂತಿಯ ವಾದ್ಯವುಂಟು. ಅದರ ಚುರುಕು ಮೀಟನ್ನು ಗಿಟಾರಿಗೆ ತಂದುಕೊಂಡಾಗ ಹುಟ್ಟಿದ್ದು ‘ಬೆಂಗಾ’ ಶೈಲಿ. ಕಮಾರು ಮತ್ತು ಅವರ ಓರಗೆಯವರು ಆ ಬೆಂಗಾಕ್ಕೆ ಕಿಕುಯು ಜನಪದ ಧಾಟಿಗಳನ್ನು ಕೂಡಿಸಿದರು. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಕಂಪನ ಎರಡರಷ್ಟಾಗಿ ಸ್ವರ ಮೇಲಿನ ಸ್ಥಾಯಿಗೆ ಏರುತ್ತದೆ ಎಂಬ ಭೌತಶಾಸ್ತ್ರ ಎಲ್ಲ ದೇಶಕ್ಕೂ ಒಂದೇ. ಆ ಸ್ವರಗಳಿಂದ ಯಾವ ಮಾತಾಡಿಸಬೇಕು ಎಂಬುದನ್ನು ಮಾತ್ರ ಆಯಾ ಜನ ತೀರ್ಮಾನಿಸುತ್ತಾರೆ.

ಇನ್ನೊಂದು ಸಂಗತಿಯೂ ಇದೆ. ಕಿಕುಯು ಸ್ವರಭೇದವುಳ್ಳ ಭಾಷೆ. ಒಂದೇ ಅಕ್ಷರವನ್ನು ಏರಿಸಿ ಹೇಳಿದರೆ ಒಂದರ್ಥ, ಇಳಿಸಿ ಹೇಳಿದರೆ ಬೇರೊಂದರ್ಥ ಬರಬಹುದು. ಅಂಥ ಭಾಷೆಯಲ್ಲಿ ಹಾಡು ಕಟ್ಟುವವನು ರಾಗವನ್ನು ಮನಬಂದಂತೆ ಎಳೆದಾಡಿದರೆ ಮಾತು ಕೆಡುತ್ತದೆ. ಆದ್ದರಿಂದ ರಾಗ ಮಾತಿನ ಬೆನ್ನು ಹಿಡಿದೇ ನಡೆಯಬೇಕು. ಗಾದೆ, ಒಗಟು, ಹಿರಿಯರ ಬುದ್ಧಿಮಾತುಗಳಿಂದ ತುಂಬಿದ ಕಮಾರು ಅವರ ಹಾಡುಗಳಿಗೆ ಕುಣಿಯುವವರು ಕುಣಿದರು, ಕಿವಿಗೊಟ್ಟವರು ಪಾಠ ಕೇಳಿದರು.

ಮೂರು ನಿಮಿಷದ ತರಗತಿ

ಆ ಕಾಲದ ಮುದ್ರಿಕೆ ಎಂದರೆ 7 ಅಂಗುಲದ ಕಪ್ಪು ತಟ್ಟೆ. ನಿಮಿಷಕ್ಕೆ 45 ಸುತ್ತು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಎಂದಿಟ್ಟುಕೊಂಡರೆ ತಟ್ಟೆ 135 ಸುತ್ತು ತಿರುಗುವಷ್ಟರಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿಸಬೇಕು. ಮುಗಿಯದಿದ್ದರೆ ತಟ್ಟೆ ಮಗುಚಿ ಹಿಂಬದಿಯಲ್ಲಿ ‘ಎರಡನೆಯ ಭಾಗ’ ಕೇಳಬೇಕು. 45 ನಿಮಿಷದ ಪೀರಿಯಡ್ ಸಾಲದೆನ್ನುವ ನಮ್ಮಂಥವರಿಗೆ ಇದೊಂದು ಪಾಠವೇ ಸರಿ.

ಈ ತಟ್ಟೆಗಳ ವ್ಯಾಪಾರದಲ್ಲಿ ಭಾರತ ಮೂಲದವರ ಪಾಲೂ ಇತ್ತು. ಚಹಾ ತೋಟಗಳ ಊರಾದ ಕೆರಿಚೊದಲ್ಲಿ ಚಂದರಾನಾ ಎಂಬ ಗುಜರಾತಿ ಮನೆತನದ ಸಂಸ್ಥೆ ಬೆಂಗಾ ಹಾಡುಗಳನ್ನು ಮುದ್ರಿಸಿ ಮಾರುತ್ತಿತ್ತು. ನೈರೋಬಿಯ ರಿವರ್ ರೋಡ್ ಎಂಬ ಗಿಜಿಗುಟ್ಟುವ ಬೀದಿಯಂತೂ ಹಾಡು ಹುಟ್ಟಿ ಮಾರಾಟವಾಗುವ ಸಂತೆಯೇ ಆಗಿತ್ತು. ಕಮಾರು ಇತರರ ಕೈ ಕಾಯುತ್ತಾ ಕೂರಲಿಲ್ಲ. ‘ಸಿಟಿ ಸೌಂಡ್ಸ್’ ಎಂಬ ತಮ್ಮದೇ ಸಂಸ್ಥೆ ಕಟ್ಟಿ, ಮುದ್ರಿಕೆಗಳ ಅಂಗಡಿ ತೆರೆದರು. ಹಾಡುವವನು ತನ್ನ ಹಾಡಿನ ಯಜಮಾನನೂ ಆಗಬೇಕು ಎಂಬುದನ್ನು ಅವರು ಮಾಡಿ ತೋರಿಸಿದರು.

ಮೇಷ್ಟ್ರ ಮೇಲೊಂದು ಹಾಡು

ಈಗ ಆ ಹಾಡಿಗೆ ಬರೋಣ. ಅದರ ಹೆಸರು ‘ನ್ದಾರಿ ಯಾ ಮ್ವಾರಿಮು’. ಅಂದರೆ ‘ಮೇಷ್ಟ್ರ ಮುದ್ದಿನವಳು’ ಎಂದು ಹೇಳಬಹುದು. ಶಾಲೆಗೆ ಬರುವ ಹೆಣ್ಣುಮಕ್ಕಳನ್ನು ಪುಸಲಾಯಿಸಿ ಕೆಡಿಸುವ ಉಪಾಧ್ಯಾಯರನ್ನು ಕಮಾರು ಅದರಲ್ಲಿ ಬಯಲಿಗೆಳೆದಿದ್ದರು. ಉಪಾಧ್ಯಾಯರ ಸಂಘ ಕೆರಳಿತು. ಇಡೀ ವೃತ್ತಿಗೆ ಮಸಿ ಬಳಿದಂತಾಯಿತು ಎಂಬ ಗದ್ದಲವೆದ್ದು ಮಾತು ಮುಷ್ಕರದ ತನಕ ಹೋಯಿತು.

ಈ ವೃತ್ತಿಯಲ್ಲೇ ತಲೆ ನರೆಸಿಕೊಂಡವನಾಗಿ ನಾನು ಆ ಸಂಘದ ನೋವನ್ನು ಊಹಿಸಬಲ್ಲೆ. ನೂರು ಜನ ನಿಯತ್ತಿನಿಂದ ದುಡಿಯುವಾಗ ಒಬ್ಬ ಮಾಡಿದ ತಪ್ಪಿಗೆ ಎಲ್ಲರೂ ತಲೆ ತಗ್ಗಿಸಬೇಕೇ ಎಂಬ ಪ್ರಶ್ನೆ ಸಹಜವೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತು ನೋಡಿ. ಬಸುರಿಯಾದ ವಿದ್ಯಾರ್ಥಿನಿಯನ್ನು ಶಾಲೆಯಿಂದ ಹೊರಹಾಕುವುದೇ ಕೀನ್ಯಾದಲ್ಲಿ ಬಹುಕಾಲ ನಡೆದುಬಂದ ರೂಢಿ. ಹೆರಿಗೆಯ ನಂತರ ಆಕೆ ಮರಳಿ ಶಾಲೆಗೆ ಬರಬಹುದು ಎಂಬ ನೀತಿ ಬಂದದ್ದು 1994ರಲ್ಲಿ. ಅಂದರೆ ಹಾಡು ಹುಟ್ಟಿದ ಕಾಲದಲ್ಲಿ ತಪ್ಪು ಮಾಡಿದವನ ಕುರ್ಚಿ ಅಲುಗದಿದ್ದರೂ ಹುಡುಗಿಯ ಓದು ಮಾತ್ರ ಅಲ್ಲಿಗೇ ಮುಗಿಯುವ ಸಾಧ್ಯತೆಯಿತ್ತು. ಮನೆಯಲ್ಲಿ ಹೇಳಿಕೊಳ್ಳಲು ಅವಳಿಗೆ ನಾಚಿಕೆ, ಊರಲ್ಲಿ ಕೇಳುವವರಿಲ್ಲ. ಅಂಥವಳ ಪರವಾಗಿ ಮಾತನಾಡಿದ್ದು ಒಂದು ಕಪ್ಪು ತಟ್ಟೆ.

ವೃತ್ತಿಯ ಮರ್ಯಾದೆ ಉಳಿಯುವುದು ತಪ್ಪನ್ನು ಮುಚ್ಚಿಟ್ಟಾಗಲ್ಲ, ತಪ್ಪಿತಸ್ಥನನ್ನು ವೃತ್ತಿಯವರೇ ಹೊರಗಿಟ್ಟಾಗ. ಹಾಡು ಕೇಳಿ ಕೋಪಗೊಳ್ಳುವ ಮೊದಲು, ಇದು ನಿಜವೇ ಎಂದು ಸಂಘ ಕೇಳಿಕೊಂಡಿದ್ದರೆ ಅದರ ಘನತೆ ಹೆಚ್ಚುತ್ತಿತ್ತು. ನಮ್ಮ ದೇಶದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂದಿದೆ. ಶಾಲೆಯವರೇ ಅಪರಾಧಿಗಳಾದರೆ ಅದರಲ್ಲಿ ಶಿಕ್ಷೆ ಇನ್ನೂ ಕಠಿಣ. ಕಾಯ್ದೆ ಇರುವುದು ಒಳ್ಳೆಯದೇ. ಆದರೆ ಮಗು ಬಾಯಿ ಬಿಟ್ಟಾಗ ಮೊದಲು ಕೇಳಿಸಿಕೊಳ್ಳಬೇಕಾದ ಕಿವಿ ಅಪ್ಪ ಅಮ್ಮನದು.

ಸ್ನೇಹ ಮತ್ತು ಸತ್ಯ

ಎರಡನೆಯ ಪರೀಕ್ಷೆ ಇನ್ನೂ ದೊಡ್ಡದು. ಸ್ವತಂತ್ರ ಕೀನ್ಯಾದ ಮೊದಲ ಅಧ್ಯಕ್ಷ ಜೋಮೋ ಕೆನ್ಯಾಟಾ ಕೂಡ ಕಿಕುಯು ಜನರವರೇ. ತಮ್ಮ ಜನರ ನಡೆನುಡಿಗಳ ಬಗ್ಗೆ 1938ರಲ್ಲೇ ಗ್ರಂಥ ಬರೆದವರು. ಅವರಿಗೂ ಕಮಾರು ಅವರಿಗೂ ಒಳ್ಳೆಯ ಸ್ನೇಹವಿತ್ತು. ರಾಷ್ಟ್ರಾಧ್ಯಕ್ಷರ ಮೆಚ್ಚುಗೆ ಗಳಿಸಿದ ಕಲಾವಿದನಿಗೆ ಮತ್ತೇನು ಬೇಕು? ಸುಮ್ಮನಿದ್ದಿದ್ದರೆ ಸುಖವಾಗಿ ಇರಬಹುದಿತ್ತು.

1975ರ ಮಾರ್ಚ್ ತಿಂಗಳಲ್ಲಿ ಜೆ.ಎಂ. ಕರಿಯುಕಿ ಎಂಬ ಸಂಸದರ ಕೊಲೆಯಾಯಿತು. ಕರಿಯುಕಿ ಸಾಮಾನ್ಯರಲ್ಲ. ಬ್ರಿಟಿಷರ ಬಂಧನ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು, ಆ ಅನುಭವವನ್ನು 1963ರಲ್ಲಿ ಪುಸ್ತಕವಾಗಿ ಬರೆದವರು. ಒಂದು ಕಾಲಕ್ಕೆ ಕೆನ್ಯಾಟಾ ಅವರ ಆಪ್ತ ಕಾರ್ಯದರ್ಶಿ. ಆಮೇಲೆ, ಸ್ವಾತಂತ್ರ್ಯದ ಫಲವೆಲ್ಲ ಕೆಲವೇ ಸಿರಿವಂತರ ಪಾಲಾಗುತ್ತಿದೆ ಎಂದು ಸರ್ಕಾರವನ್ನೇ ಟೀಕಿಸತೊಡಗಿದ್ದರು. ಮಾರ್ಚ್ 2ರಂದು ನೈರೋಬಿಯ ಹೋಟೆಲೊಂದರ ಬಳಿ ಕೊನೆಯ ಸಲ ಕಾಣಿಸಿಕೊಂಡರು. ನಗರದ ಹೊರಗೆ ನ್ಗೊಂಗ್ ಗುಡ್ಡಗಳಲ್ಲಿ ಅವರ ದೇಹ ಸಿಕ್ಕಿತು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿ ಪೊಲೀಸ್ ಅಧಿಕಾರಿಗಳತ್ತಲೇ ಬೊಟ್ಟು ಮಾಡಿತು. ಆದರೆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಜನ ಪಿಸುಗುಟ್ಟುತ್ತಿದ್ದ ಆ ದಿನಗಳಲ್ಲಿ ಕಮಾರು ಕರಿಯುಕಿಯ ಕೊಲೆಯನ್ನು ಖಂಡಿಸಿ ಹಾಡಿದರು. ಅಧ್ಯಕ್ಷರೊಡನೆ ಇದ್ದ ಸ್ನೇಹ ಅಲ್ಲಿಗೆ ಮುರಿಯಿತು. ಗಮನಿಸಿ: ಕೊಲೆಯಾದವರು ಕಿಕುಯು, ಅಧಿಕಾರದಲ್ಲಿದ್ದವರು ಕಿಕುಯು, ಹಾಡಿದವರೂ ಕಿಕುಯು. ಹೊರಗಿನವರನ್ನು ಬೈಯುವುದಕ್ಕೆ ಅಷ್ಟೊಂದು ಧೈರ್ಯ ಬೇಡ. ಮನೆಯೊಳಗಿನ ಅನ್ಯಾಯವನ್ನು ಮನೆಮಾತಿನಲ್ಲೇ ಹೇಳುವುದಕ್ಕೆ ಬೇಕಾದ ಎದೆಗಾರಿಕೆಯೇ ಬೇರೆ.

ಮನೆಮಾತಿನ ಈ ಬಲವನ್ನು ಇನ್ನೊಬ್ಬರೂ ಅದೇ ಕಾಲದಲ್ಲಿ ಕಂಡುಕೊಂಡರು. ಕನ್ನಡದ ಓದುಗರಿಗೆ ಪರಿಚಿತರಾದ ಗೂಗಿ ವಾ ಥಿಯಾಂಗೊ, 2025ರ ಮೇ 28ರಂದು ತೀರಿಕೊಂಡವರು, ಕಮಾರು ಅವರಿಗಿಂತ ಒಂದೇ ವರ್ಷಕ್ಕೆ ಹಿರಿಯರು. ಅವರು ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುತ್ತಿದ್ದಷ್ಟು ದಿನ ಸರ್ಕಾರ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1977ರಲ್ಲಿ ಹಳ್ಳಿಯ ರೈತರು, ಕೂಲಿಗಳೊಂದಿಗೆ ಕಿಕುಯು ಭಾಷೆಯಲ್ಲಿ ನಾಟಕ ಆಡಿಸಿದಾಗ ನಾಟಕ ನಿಂತಿತು, ಗೂಗಿ ವರ್ಷಾಂತ್ಯದಲ್ಲಿ ಜೈಲು ಸೇರಿದರು. ದೊರೆಗೆ ಮುಟ್ಟುವುದಕ್ಕಿಂತ ಮೊದಲು ಜನರಿಗೆ ಮುಟ್ಟುವ ಮಾತು ಎಂದರೆ ಆಳುವವರಿಗೆ ಎಲ್ಲ ಕಾಲದಲ್ಲೂ ಭಯವೇ.

ಹೊಗಳಿಕೆಯೂ ಮುನಿಸೂ

ಕೆನ್ಯಾಟಾ 1978ರ ಆಗಸ್ಟಿನಲ್ಲಿ ತೀರಿಕೊಂಡರು. ಡೇನಿಯಲ್ ಅರಪ್ ಮೊಯಿ ಅಧ್ಯಕ್ಷರಾದರು. 1980ರಲ್ಲಿ ಮೊಯಿ ಜಪಾನಿಗೆ ಹೋದಾಗ ಕಮಾರು ಜೊತೆಯಲ್ಲಿ ಹೋಗಿಬಂದರು. ಹಿಂದಿರುಗಿ ‘ಸಫಾರಿ ಯಾ ಜಪಾನ್’ ಎಂಬ ಹಾಡಿನಲ್ಲಿ ಅಧ್ಯಕ್ಷರನ್ನು ಹೊಗಳಿದರು. ಐದು ವರ್ಷದ ಹಿಂದೆ ದೊರೆಯ ಮುನಿಸಿಗೆ ಹೆದರದವರು ಹೀಗೇಕೆ ಮಾಡಿದರು ಎಂದು ಕೇಳಬಹುದು. ಬಂಗಾರದ ಮನುಷ್ಯರು ಪಠ್ಯಪುಸ್ತಕದಲ್ಲಿ ಮಾತ್ರ ಸಿಗುತ್ತಾರೆ. ಸಂಸಾರ, ತಂಡ, ಅಂಗಡಿ ಎಲ್ಲವನ್ನೂ ಹೊತ್ತವರಿಗೆ ಬಾಗುವ ಗಳಿಗೆಗಳೂ ಬರುತ್ತವೆ. ಬಾಗಿದವರು ಮತ್ತೆ ಎದ್ದು ನಿಂತರೇ ಎಂಬುದು ನೋಡಬೇಕಾದ ಅಂಶ.

ಕಮಾರು ಎದ್ದು ನಿಂತರು. 1982ರಲ್ಲಿ ಕೀನ್ಯಾ ಕಾನೂನಿನ ಪ್ರಕಾರವೇ ಏಕಪಕ್ಷ ರಾಷ್ಟ್ರವಾಗಿತ್ತು. ಎಂಬತ್ತರ ದಶಕದ ಕೊನೆಗೆ ಬಹುಪಕ್ಷ ಪ್ರಜಾಪ್ರಭುತ್ವ ಬೇಕೆಂಬ ಕೂಗು ಎದ್ದಾಗ ಕಮಾರು ಆ ಕೂಗಿಗೆ ದನಿಗೂಡಿಸಿದರು. ಮೊಯಿಯವರ ಪ್ರೀತಿ ಹಗೆಯಾಗಿ ತಿರುಗಿತು. ರೇಡಿಯೊ ಸರ್ಕಾರದ ಕೈಯಲ್ಲಿತ್ತು. ಆದರೆ ಅಷ್ಟರಲ್ಲಿ ಕ್ಯಾಸೆಟ್ ಬಂದಿತ್ತು. ‘ಮಟಾಟು’ ಎಂದು ಕರೆಯುವ ಅಲ್ಲಿನ ಖಾಸಗಿ ವ್ಯಾನುಗಳಲ್ಲಿ ಕಿಕುಯು ಕ್ಯಾಸೆಟ್ಟುಗಳು ಸದ್ದು ಮಾಡುತ್ತಿದ್ದವು. 1990ರಲ್ಲಿ ಸರ್ಕಾರವನ್ನು ಟೀಕಿಸುವ ಹಾಡಿನ ಕ್ಯಾಸೆಟ್ ಮಾರುವವರನ್ನು ಪೊಲೀಸರು ಬಂಧಿಸಿದರು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ತೆಗೆಯುವುದು ಮಕ್ಕಳಾಟ. ಇದು ಕಲಾವಿದನ ಗಂಜಿಗೆ ಕಲ್ಲು ಹಾಕುವ ಸಂಗತಿ ನಿಜ. ಆದರೆ ಅದೇ ಕಾರಣಕ್ಕೆ ಹಾಡಿನ ಬಾಯಿ ಕಟ್ಟುವುದೂ ಸರ್ಕಾರಕ್ಕೆ ಆಗದ ಮಾತಾಯಿತು. 1991ರ ಡಿಸೆಂಬರಿನಲ್ಲಿ ಏಕಪಕ್ಷದ ಕಾನೂನು ರದ್ದಾಯಿತು. ಮರುವರ್ಷ ಬಹುಪಕ್ಷ ಚುನಾವಣೆ ನಡೆಯಿತು.

ಕೀರ್ತಿಗೆ ಬೆನ್ನು ಹಾಕಿ

1993ರಲ್ಲಿ ಕಮಾರು ಅಭಿಮಾನಿಗಳಿಗೆ ಅಚ್ಚರಿ ತಂದರು. ಕ್ರಿಸ್ತನಲ್ಲಿ ಹೊಸ ಹುಟ್ಟು ಪಡೆದೆನೆಂದು ಸಾರಿ, ಲೌಕಿಕ ಹಾಡುಗಳನ್ನು ಬಿಟ್ಟುಬಿಟ್ಟರು. ಸೂಪರ್ ಸ್ಟಾರ್ಸ್ ತಂಡದ ಕಾಲ ಮುಗಿದು, ಭಕ್ತಿಗೀತೆಗಳಿಗಾಗಿ ‘ಕಮಾರುಲೆಟ್ಸ್’ ಎಂಬ ಹೊಸ ಮೇಳ ಬಂತು. ಮುದ್ರಿಕೆಗಳ ಮಾರಾಟ ತೀರಾ ಇಳಿದುಹೋಯಿತು. ಲಾಭ ನಷ್ಟದ ಪುಸ್ತಕ ಮುಂದಿಟ್ಟುಕೊಂಡು ನೋಡಿದರೆ ಇದು ಬುದ್ಧಿವಂತನ ಕೆಲಸವಲ್ಲ. ಆದರೆ ಜನ ಏನನ್ನು ಕೊಳ್ಳುತ್ತಾರೋ ಅದನ್ನೇ ಹಾಡಬೇಕೆಂದು ಅವರು ಎಂದೂ ಅಂದುಕೊಂಡವರಲ್ಲ.

2000ದಲ್ಲಿ ‘ಕಮೇಮೆ’ ಎಂಬ ಖಾಸಗಿ ಕಿಕುಯು ಬಾನುಲಿ ಆರಂಭವಾಯಿತು. ಸರ್ಕಾರದ ಅಪ್ಪಣೆಗೆ ಕಾಯದೆ ಜನ ತಮ್ಮ ಭಾಷೆಯ ಹಾಡುಗಳನ್ನು ಕೇಳುವ ಕಾಲ ಬಂತು. ಆ ದಶಕದ ಮೊದಲ ವರ್ಷಗಳಲ್ಲೇ ಕಮಾರು ಕೂಡ ವೇದಿಕೆಯ ಮೇಲೆ ತಮ್ಮ ಹಳೆಯ ಹಾಡುಗಳಿಗೆ ಮರಳಿದರು.

2018ರ ಅಕ್ಟೋಬರ್ 3ರಂದು, 79ರ ವಯಸ್ಸಿನಲ್ಲಿ, ನೈರೋಬಿಯ ಎಂ.ಪಿ. ಶಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ನರಗಳ ಹಿಡಿತ ತಪ್ಪಿಸಿ ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಅವರನ್ನು ಕಾಡಿತ್ತು. ತಂತಿ ಮೀಟುವವನಿಗೆ ಇದಕ್ಕಿಂತ ಕ್ರೂರವಾದ ಕಾಯಿಲೆ ಇನ್ನೊಂದಿಲ್ಲ.

ತಾತನ ದನಿ, ಮೊಮ್ಮಗನ ಕಿವಿ

ಅವರ ಮೊಮ್ಮಗನ ಹೆಸರೂ ಜೋಸೆಫ್ ಕಮಾರು. ‘ಕೆಎಂಆರ್‌ಯು’ ಎಂಬ ಹೆಸರಿನಿಂದ ಜಗತ್ತಿನ ಹಲವೆಡೆ ಪರಿಚಿತರಾದ ಈ ಯುವಕ ಹಾಡುವುದಿಲ್ಲ. ಬೀದಿ, ಗಾಳಿ, ಹಕ್ಕಿ, ಯಂತ್ರಗಳ ಸದ್ದನ್ನು ಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ ನೇಯ್ದು ನಿಧಾನಗತಿಯ ಸಂಗೀತ ಕಟ್ಟುತ್ತಾರೆ. 2020ರಲ್ಲಿ ಬಂದ ‘ಪೀಲ್’ ಎಂಬ ಸಂಕಲನ ಅವರಿಗೆ ಹೆಸರು ತಂದಿತು. ಕೇಳಲು ತಾತನ ಹಾಡಿಗೂ ಮೊಮ್ಮಗನ ಸಂಗೀತಕ್ಕೂ ಅಜಗಜಾಂತರ. ಆದರೂ ತಾತನ ಹಳೆಯ ಮುದ್ರಿಕೆಗಳನ್ನು ಹುಡುಕಿ, ಹೊಸ ತಂತ್ರಜ್ಞಾನಕ್ಕೆ ಇಳಿಸಿ, ಮತ್ತೆ ಲೋಕಕ್ಕೆ ಕೇಳಿಸುವ ಕೆಲಸವನ್ನು ಅವರು ಹೊತ್ತುಕೊಂಡಿದ್ದಾರೆ. ಹಿರಿಯರ ದಾರಿಯಲ್ಲೇ ನಡೆಯದಿದ್ದರೂ ಹಿರಿಯರ ಬುತ್ತಿಯನ್ನು ಚೆಲ್ಲದೆ ಇರಬಹುದು ಎಂಬುದಕ್ಕೆ ಈ ಹುಡುಗ ಸಾಕ್ಷಿ.

ವಿದ್ಯಾರ್ಥಿ ಮಿತ್ರರೇ, ಮನೆಮಾತಿನಲ್ಲಿ ಹಾಡಿದರೆ, ಬರೆದರೆ ಯಾರು ಕೇಳುತ್ತಾರೆ ಎಂದು ನಿಮಗೆ ಅನ್ನಿಸಿದಾಗ ಕಮಾರು ಅವರನ್ನು ನೆನೆಯಿರಿ. ಕಿಕುಯು ಭಾಷೆಯ ಹಾಡೊಂದು ಉಪಾಧ್ಯಾಯರನ್ನು ಕೆಣಕಿತು, ಇನ್ನೊಂದು ಅಧ್ಯಕ್ಷರಿಗೇ ಮುಟ್ಟಿತು. ಆಡಿದ್ದು ಎಲ್ಲರಿಗೂ ಅರ್ಥವಾಗುತ್ತಿತ್ತು, ಅದಕ್ಕೇ ತಾಗಿತು. ಇನ್ನು ನಾವು, ಅಪ್ಪ ಅಮ್ಮಂದಿರು ಮತ್ತು ಮೇಷ್ಟ್ರುಗಳು, ಕಲಿಯುವುದು ಇಷ್ಟು: ಚಿಕ್ಕವರು ನಮ್ಮ ತಪ್ಪನ್ನು ಎತ್ತಿ ಆಡಿದಾಗ ‘ಎದುರು ಮಾತನಾಡಬೇಡ’ ಎಂದು ಗದರುವ ಮೊದಲು, ಆ ಮಾತಿನಲ್ಲಿ ನಿಜವಿದೆಯೇ ಎಂದು ಅರೆಗಳಿಗೆ ಯೋಚಿಸುವುದು. ಗದರುವುದಕ್ಕೆ ಆಮೇಲೂ ಸಮಯವಿರುತ್ತದೆ.